ದೇಯಿಗೆ ಬಡಿಸಿದ ಗೆಣಸು

ಮೊನ್ನೆ ಮೂಡುಬಿದಿರೆಯ ಸಂತೆಯಿಂದ ತಂದ ಗೆಣಸೊಂದನ್ನು ಕೊಯ್ದಾಗ ಒಳಗೆಲ್ಲ ಕಪ್ಪು ತೂತು, ಅದರಲ್ಲಿ ಮಿಸುಕಾಡುವ ಬಿಳಿ ಹುಳ. ಹುಳ ಹಿಡಿದ ಗೆಣಸಿನ ವಾಸನೆ ನಿಮಗೂ ಗೊತ್ತಿರಬಹುದು. ಗಂಟಲಿಗೆ ಅಂಟಿಕೊಳ್ಳುವ ಒಂದು ಕಹಿ ಘಾಟು. ಚೂರಿ ಕೆಳಗಿಟ್ಟೆ.

ಅರುವತ್ತರ ದಶಕದಲ್ಲಿ ಬೆಳುವಾಯಿಯ ನಮ್ಮ ಗದ್ದೆಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಅಜ್ಜಿ ಗೆಣಸು ಹಾಕಿಸುತ್ತಿದ್ದರು. ಏರಿ ಕಟ್ಟಿ, ಗೊಬ್ಬರಕ್ಕೆ ಸುಡುಮಣ್ಣು ಹರಡಿ, ಬಳ್ಳಿಯ ತುಂಡುಗಳನ್ನು ಹೆಬ್ಬೆರಳಿನಿಂದ ಒತ್ತಿ ಊರುವುದೆಲ್ಲ ಕೆಲಸದ ದೇಯಿಯೇ. ಅಗೆಯುವಾಗ ಸಿಕ್ಕಿದ ಮೊದಲ ಗೆಣಸನ್ನು ಸೆರಗಿನಲ್ಲಿ ಒರಸಿ ಹಸಿಯಾಗಿಯೇ ನನಗೆ ಕೊಡುತ್ತಿದ್ದಳು. ಮಣ್ಣಿನ ಕಂಪಿನ ಜೊತೆಗೆ ಹಾಲಿನಂಥ ಸಿಹಿ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಬೆಳೆಗೆ ಹುಳ ಬಿತ್ತು. ಒಳ್ಳೆಯದು, ಕೆಟ್ಟದ್ದು ಎಂದು ಎರಡು ರಾಶಿ ಮಾಡಿದವಳು ನಾನೇ. ಬೆರಳಿಗೆಲ್ಲ ಹುಳದ ಹಿಕ್ಕೆ, ಕಪ್ಪು ಲೋಳೆ. ಲಂಗಕ್ಕೆ ಕೈ ಒರಸಿಕೊಂಡು ಕೆಟ್ಟ ರಾಶಿಯನ್ನು ಬುಟ್ಟಿಗೆ ತುಂಬಿ ದನದ ಹಟ್ಟಿಗೆ ಹೊರಟಾಗ ಅಜ್ಜಿ ತಡೆದರು. ದನಕ್ಕೆ ಹಾಕಿದರೆ ಹಾಲು ಕೆಡುತ್ತದಂತೆ. ಅಕ್ಕಿಗೆ ತತ್ವಾರದ ಕಾಲ ಅದು. ಮಧ್ಯಾಹ್ನ ಅದೇ ಗೆಣಸನ್ನು ಬೆಲ್ಲ ಹಾಕಿ ಬೇಯಿಸಿ, ಬಾಳೆಲೆಯಲ್ಲಿ ಸುರಿದು, ಗಂಜಿಯ ಬದಲಿಗೆ ನನ್ನ ಕೈಯಲ್ಲಿ ದೇಯಿಗೆ ಕೊಟ್ಟು ಕಳುಹಿಸಿದರು.

ಮೊದಲ ತುತ್ತಿಗೇ ದೇಯಿ ಮುಖ ಕಿವುಚಿದಳು.

"ಕಹಿ ಉಂಟಲ್ಲ ಮಗಾ. ನೀವೂ ಇದನ್ನೇ ತಿಂದದ್ದಾ?"

ಒಳ್ಳೆಯ ರಾಶಿಯದ್ದನ್ನು ಕಾಯಿತುರಿ ಹಾಕಿ ನಾವು ಒಳಗೆ ತಿಂದಾಗಿತ್ತು. ಅಜ್ಜಿ ಜಗಲಿಯಿಂದ ನೋಡುತ್ತಿದ್ದರು.

"ಹೌದು" ಎಂದೆ.

ನಾನು ಹಾಗೆಂದ ಮೇಲೆ ಅವಳು ಎಲೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಸಂಜೆ ಗದ್ದೆಯಂಚಿನ ಹುಣಿಯ ಮೇಲೆ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು, ಕಪ್ಪಾಗಿ ಕಾರಿದಳು. ಅವಳಿಗೆ ಬಿಸಿಲು ತಾಗಿದ್ದು ಎಂದು ಹೇಳಿ ಅಜ್ಜಿ ಒಳಗೆ ಹೋದರು. ನಾನು ಮೂಗು ಮುಚ್ಚಿಕೊಂಡು ದೂರ ನಿಂತಿದ್ದೆ.

ನಾಲ್ಕನೆಯ ದಿನ ಕೆಲಸಕ್ಕೆ ಬಂದಳು. ಆಮೇಲೆ ಎಂದೂ ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ತಾನೇ ತಂದ ತಂಗಳು ಗಂಜಿಯನ್ನು ನೀರು ಹರಿಯುವ ತೋಡಿನ ಆಚೆ ಕೂತು ಕುಡಿಯುತ್ತಿದ್ದಳು.

ಅಜ್ಜಿ ಹೋದರು, ಗದ್ದೆ ಪಾಲಾಯಿತು, ಮನೆ ಬಿದ್ದುಹೋಯಿತು. ಅಜ್ಜಿಯ ಮೇಲಿನ ಹೇಸಿಗೆ ವರ್ಷ ಕಳೆದಂತೆ ಕಡಿಮೆಯಾಯಿತು, ಅಂದು "ಹೌದು" ಎಂದ ನನ್ನ ಬಾಯಿಯ ಮೇಲಿನದು ಹೋಗಲಿಲ್ಲ. ದೇಯಿ ತೀರಿಕೊಂಡ ಸುದ್ದಿ ಬಂದಾಗ ಒಮ್ಮೆ ಹೋಗಿ ಬರಬೇಕೆಂದು ಹೊರಟೆ. ಅಷ್ಟು ವರ್ಷ ನಮ್ಮಲ್ಲಿ ದುಡಿದವಳ ಮನೆ ಎಲ್ಲಿ ಎಂದು ನಮ್ಮವರಲ್ಲಿ ಯಾರಿಗೂ ಗೊತ್ತಿರಲಿಲ್ಲ.