ಮಲಕಪ್ಪನವರ ತೊಳೆಯದ ಗಾಜುಗಳು

ಪುಣೆಯ ಪಕ್ಕದ ಖಡಕಿಯಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಆಸ್ಪತ್ರೆಯ ಮೂಲೆಕೋಣೆಯ ಕಿಟಕಿಗೆ ಒತ್ತಿ ಕೂತ ಮಲಕಪ್ಪ ಸೂಕ್ಷ್ಮದರ್ಶಕದ ಕನ್ನಡಿಯನ್ನು ಬೆಳಕಿನತ್ತ ತಿರುಗಿಸುತ್ತಿದ್ದಾರೆ. ಹೊರಗೆ ಕಟ್ಟೆಯ ಮೇಲೆ ಮದ್ದುಗುಂಡಿನ ಕಾರ್ಖಾನೆಯ ಹೊಳಬಸಪ್ಪ ಕಾಯುತ್ತಿದ್ದಾನೆ. ಅವನ ಹೆಂಡತಿ ಪಾರವ್ವನ ರಕ್ತ ನೋಡಿ ನಿನ್ನೆ ‘ಮಲೇರಿಯಾ ಇಲ್ಲ’ ಎಂದು ಬರೆದುಕೊಟ್ಟವರು ಇದೇ ಮಲಕಪ್ಪ. ಆಮೇಲೆ ಆಕೆಗೆ ಮತ್ತೆ ಹಲ್ಲು ಕಟಕಟಿಸುವ ಚಳಿ. ಈಗ ಜ್ವರದ ಬಡಬಡಿಕೆ.

ಜಪಾನಿನ ಯುದ್ಧದಿಂದಾಗಿ ಮಲೇರಿಯಾದ ಮದ್ದು, ಜಾವಾದ ಕ್ವಿನೈನ್, ಬರುವುದು ನಿಂತು ವರ್ಷದ ಮೇಲಾಯಿತು. ಇದ್ದಷ್ಟನ್ನು ರಕ್ತದಲ್ಲಿ ರೋಗಾಣು ಕಂಡವರಿಗೆ ಮಾತ್ರ ಕೊಡುತ್ತಾರೆ. ಕಾಣಬೇಕಾದವರು ಯಾರು? ವಿಜಾಪುರದ ಕಡೆಯಿಂದ ಕಸ ಗುಡಿಸಲು ಬಂದು, ನೋಡಿ ನೋಡಿಯೇ ಕಲಿತ ಈ ಮನುಷ್ಯ. ದಿನಕ್ಕೆ ರಕ್ತದ ಹನಿ ಸವರಿದ ಇಪ್ಪತ್ತು ಗಾಜು, ಒಂದೊಂದರಲ್ಲೂ ನೂರು ಕಡೆ ನೋಡಬೇಕೆಂಬುದು ನಿಯಮ. ಡಾಕ್ಟರರ ಹೆಸರು ಊರಿಗೆಲ್ಲ ಗೊತ್ತು. ಇವರ ಹೆಸರನ್ನು ಯಾರು ಕೇಳುತ್ತಾರೆ!

ಗಾಜಿಗೂ ಬರ. ನೋಡಿದ್ದನ್ನು ಅಂದೇ ತೊಳೆದಿಡಬೇಕೆಂದು ಡಾಕ್ಟರರ ಅಪ್ಪಣೆ. ಮಲಕಪ್ಪ ಈ ಮಾತೊಂದನ್ನು ಕೇಳುವುದಿಲ್ಲ. ‘ಇಲ್ಲ’ ಎಂದು ಬರೆದ ಗಾಜುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಎಂಟು ದಿನ ಮುಚ್ಚಿಡುತ್ತಾರೆ. ಬೈಗುಳ ತಿನ್ನುತ್ತಾರೆ, ಗಾಜು ಮಾತ್ರ ಬಿಟ್ಟುಕೊಡುವುದಿಲ್ಲ.

“ಹೋದ ಮಳಿಗಾಲದಾಗ ಭುಜಂಗ ಅಂತ ಟಾಂಗಾದಾಂವ ಬಂದಿದ್ದರಿ. ಇಲ್ಲ ಅಂತ ಬರದೆ. ನಾಕನೇ ದಿನಕ್ಕ ಹೋಗಿಬಿಟ್ಟ. ಓಡಿ ಬಂದು ಅಂವನ ಗಾಜು ಹುಡುಕಿದೆ, ನಾನ ತೊಳದಿಟ್ಟಿದ್ದೆ. ತಪ್ಪಿ ನೋಡಿದ್ನೋ ಏನೋ, ಇವತ್ತಿಗೂ ಗೊತ್ತಿಲ್ರಿ,” ಎನ್ನುತ್ತಾರೆ, ಯಾಕೆಂದು ಕೇಳಿದರೆ.

ಪಾರವ್ವನ ಗಾಜು ಡಬ್ಬಿಯಿಂದ ಹೊರಬರುತ್ತದೆ. ನೋಟ ತಿಳಿಯಾಗಲೆಂದು ಅದರ ಮೇಲೆ ಎಣ್ಣೆಯ ಒಂದು ಹನಿ. ತೆಳು ಗುಲಾಬಿ ರಕ್ತಕಣಗಳು, ಒಂದರ ಪಕ್ಕ ಒಂದು. ಐವತ್ತು ಕಡೆ ನೋಡಿದ್ದಾಯಿತು, ನೂರಾಯಿತು. ಏನೂ ಇಲ್ಲ. ಹೊರಗೆ ಹೊಳಬಸಪ್ಪ ಕೆಮ್ಮಿದರೂ ಮಲಕಪ್ಪ ಬೆಚ್ಚುತ್ತಾರೆ. ನಿನ್ನೆ ನಿಲ್ಲಿಸಿದ್ದು ನೂರಕ್ಕೇ. ಇವತ್ತು ನಿಲ್ಲಿಸುವುದಿಲ್ಲ. ನೂರ ಎಂಬತ್ತಮೂರನೆಯ ಕಡೆ ಕೈ ನಿಲ್ಲುತ್ತದೆ. ಕಣವೊಂದರೊಳಗೆ ನೀಲಿ ಉಂಗುರ, ಅದಕ್ಕೆ ಹರಳು ಕೂರಿಸಿದಂತೆ ಕೆಂಪು ಚುಕ್ಕೆ. ಬಣ್ಣದ ಕಸವಿರಬಹುದೇ? ಉಸಿರು ಬಿಗಿಹಿಡಿದು ಗಾಜು ಸರಿಸುತ್ತಾರೆ. ಅಲ್ಲೇ ಆಚೆ ಇನ್ನೊಂದು ಉಂಗುರ. ಕಸವಲ್ಲ, ರೋಗಾಣುವೇ.

ಚೀಟಿ ಕೈಗೆ ಬಂದಾಗ ಹೊಳಬಸಪ್ಪ ಕಾಲಿಗೆ ಬೀಳಲು ಬಗ್ಗುತ್ತಾನೆ. ಮಲಕಪ್ಪ ಹಿಂದೆ ಸರಿಯುತ್ತಾರೆ.

“ಬ್ಯಾಡ್ರಿ. ನಿನ್ನೆ ಇಲ್ಲ ಅಂದಾಂವನೂ ನಾನ ಅದೀನಿ. ಲಗೂನ ಹೋಗಿ ಗುಳಗಿ ಇಸ್ಕೊಳ್ರಿ.”

ಅವನು ಓಡುತ್ತಾನೆ. ಮಲಕಪ್ಪ ಪಾರವ್ವನ ಗಾಜನ್ನು ತೊಳೆಯಲು ಇಟ್ಟು, ಡಬ್ಬಿಯಿಂದ ಮತ್ತೊಂದು ‘ಇಲ್ಲ’ ತೆಗೆಯುತ್ತಾರೆ. ‘ನಿಮಗೇನಾದರೂ ಬೇಕೇ’ ಎಂದು ನಾನು ಕೇಳಿದರೆ ಕಣ್ಣೆತ್ತದೆ ಹೇಳುತ್ತಾರೆ: “ಈ ಡಬ್ಬಿ ತುಂಬಿ ಬಂದದ್ರಿ. ನಿಮ್ಮ ಮನ್ಯಾಗ ಇನ್ನೊಂದು ಖಾಲಿ ಡಬ್ಬಿ ಇದ್ರ ತಂದುಕೊಡ್ರಿ.”