ಖಜೂರಿಯ ಸಂಜೆ ಬಸ್ಸನ್ನು ಹುಡುಕುವವರು

ಸೋಮವಾರ, ೩೦ ಡಿಸೆಂಬರ್ ೨೦೨೪. ಗೋಡೆಯ ಪಂಚಾಂಗದಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ: ಅಂದು ಎಳ್ಳಮಾವಾಸ್ಯೆ. ಜನರೆಲ್ಲ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೊಲಗಳಿಗೆ ಹೋಗಿದ್ದರಿಂದ ಕಲಬುರಗಿಯ ಕಣ್ಣಾಸ್ಪತ್ರೆಯಲ್ಲಿ ಸರತಿಯೇ ಇರಲಿಲ್ಲ. ನನ್ನ ಎಡಗಣ್ಣಿನ ಪೊರೆ ತೆಗೆದು, ಆ ರಾತ್ರಿ ಅಲ್ಲಿಯೇ ಇರಿಸಿಕೊಂಡರು. ಅಳಿಯ ಜೊತೆಗಿದ್ದ. ಮೊಬೈಲನ್ನು ಮಗಳು ಅಫಜಲಪುರದ ಮನೆಯಲ್ಲಿಯೇ ಕಸಿದಿಟ್ಟುಕೊಂಡಿದ್ದಳು. "ಕಣ್ಣಿಗೆ ಪಟ್ಟಿ ಕಟ್ಕೊಂಡು ಏನ್ ನೋಡಾವ್ರಿದ್ದೀರಿ?" ಎಂದಿದ್ದಳು. ಆಸ್ಪತ್ರೆಯ ಚೀಟಿಯಲ್ಲಿಯೂ ದಿನಾಂಕ ಅದೇ ಇದೆ.

ಮಗಳು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬಸ್ಸುಗಳ ವೇಳೆ ತಿಳಿಸುವ ಜಾಲತಾಣವೊಂದನ್ನು ನಡೆಸುತ್ತಾಳೆ. ಪುಟಗಳು ಹೆಚ್ಚಿದಂತೆ ತಿದ್ದುವ ಕೆಲಸವೂ ಹೆಚ್ಚಿತು. ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆಂದು ಅಂದಾಜು ಹೇಳುವ ಕೀವರ್ಡ್ ಟೂಲ್‌ಗಳನ್ನು ತೆರೆದಿಟ್ಟುಕೊಂಡು, ಯಾರಿಗೂ ಬೇಡವಾದ ಪುಟಗಳನ್ನು ತೆಗೆದುಹಾಕಲು, ನನ್ನ ಕಣ್ಣು ವಾಸಿಯಾಗಿ ಕೆಲವು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಕುಳಿತಳು. ಜೇವರ್ಗಿಯ ಪುಟ ಸುಲಭವಾಗಿ ಉಳಿಯಿತು.

"ಅಪ್ಪಾ, ಖಜೂರಿ ಸಂಜಿ ಬಸ್ಸಿಗೆ ಜೀರೋ ತೋರಸಾಕತ್ತೈತ್ರಿ. ತೆಗೀಲೇನು?"

ಆ ಬಸ್ಸಿನಲ್ಲಿ ಅವಳ ತಾಯಿ ಬರುತ್ತಿದ್ದಳು. ಖಜೂರಿಯ ಶಾಲೆಯಲ್ಲಿ ಪಾಠ ಮುಗಿಸಿ, ಸೊಲ್ಲಾಪುರದ ಕಡೆಯಿಂದ ಬರುವ ಲಾರಿಗಳ ಧೂಳನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಆಳಂದದ ನಿಲ್ದಾಣದಲ್ಲಿ ಇಳಿಯುತ್ತಿದ್ದಳು. ನಾನು ನಿಂತಿರುತ್ತಿದ್ದೆ. "ಇವತ್ತೂ ಬಂದೀರೇನ್ರಿ? ಮನಿ ದಾರಿ ನನಗೂ ಗೊತ್ತೈತಿ," ಎನ್ನುವಳು, ಮರುಕ್ಷಣವೇ ಚೀಲವನ್ನು ನನ್ನ ಕೈಗೆ ದಾಟಿಸುವಳು. ಅವಳು ತೀರಿಕೊಂಡ ಮೇಲೆ, ಸಂಜೆಯಾದರೆ ಆ ಬಸ್ಸಿನ ವೇಳೆಯನ್ನು ಮೊಬೈಲಿನಲ್ಲಿ ಹುಡುಕುವುದು ನನಗೆ ರೂಢಿಯಾಯಿತು. ವೇಳೆ ನನಗೆ ಬಾಯಿಪಾಠ. ಆದರೂ ಬಸ್ಸು ಇನ್ನೂ ಇದೆ ಎಂದು ಯಾರಾದರೂ ಹೇಳಬೇಕಾಗಿತ್ತು.

"ಇನ್ನೊಂದರಾಗ ನೋಡವ್ವಾ."

"ಅದರಾಗ ಒಂದೀಟು ಐತಿ. ಮೂರನೇದು ಲೆಕ್ಕಾನ ಇಲ್ಲ ಅಂತೈತಿ."

"ಮೂರು ಸಾಕ್ಷಿ ಮೂರು ಮಾತು ಹೇಳಿದ್ರ ಯಾರನ್ನ ನಂಬ್ತಿ?"

"ಶುರು ಆತು ನೋಡ್ರಿ, ನಿಮ್ಮ ಕಡತದ ಪುರಾಣ!"

ನಾನು ವೃತ್ತಿಯುದ್ದಕ್ಕೂ ನಿಜಾಮರ ಕಾಲದ ಕಂದಾಯ ಕಡತಗಳನ್ನು ಓದಿದವನು. ಅಂಕಣ ಬರಿದಾಗಿದ್ದರೆ ಅಲ್ಲಿ ಏನೂ ಇರಲಿಲ್ಲವೋ, ಲೆಕ್ಕ ತಲುಪಲಿಲ್ಲವೋ ಎಂದು ಮೊದಲು ಕೇಳಿಕೊಳ್ಳಬೇಕು. ಈ ಟೂಲ್‌ಗಳ ಸ್ವಭಾವವನ್ನು ನನಗೆ ವಿವರಿಸಿದವಳು ಮಗಳೇ. ಅವು ಪ್ರತಿಯೊಂದು ಹುಡುಕಾಟವನ್ನೂ ಎಣಿಸುವುದಿಲ್ಲ. ಸಿಕ್ಕಷ್ಟು ಮಾಹಿತಿಯಿಂದ ಅಂದಾಜು ಕಟ್ಟುತ್ತವೆ, ಸಮೀಪದ ಪದಗಳನ್ನು ಒಟ್ಟುಗೂಡಿಸುತ್ತವೆ, ತೀರ ಚಿಕ್ಕ ಸಂಖ್ಯೆಯನ್ನು ಶೂನ್ಯವೆಂದೇ ತೋರಿಸುತ್ತವೆ. ಭೀಮೆಗೆ ನೀರು ಬಂದಾಗ ಸೊನ್ನದ ಬ್ಯಾರೇಜಿನ ದಾರಿಯನ್ನು ಎಲ್ಲರೂ ಹುಡುಕುತ್ತಾರೆ. ತಿಂಗಳ ಸರಾಸರಿಯಲ್ಲಿ ಆ ಗಾಬರಿಯ ಗುರುತೇ ಉಳಿಯುವುದಿಲ್ಲ. ದೊಡ್ಡ ಪದಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೋಲಿಸಲು ಅವುಗಳನ್ನು ನಂಬಬಹುದು. ಚಿಕ್ಕ ಊರಿನ ಒಂದು ಬಸ್ಸಿನ ವಿಷಯದಲ್ಲಿ ಅವುಗಳ ಶೂನ್ಯಕ್ಕೆ 'ನಮಗೆ ಕಾಣಲಿಲ್ಲ' ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಇಷ್ಟನ್ನೂ ಹೇಳಿದೆ. ಅವಳು ನಕ್ಕಳು.

"ದಿನಾ ಯಾರ್ ಹುಡುಕ್ತಾರ ನನಗ ಗೊತ್ತಿಲ್ಲೇನ್ರಿ? ನಿಮ್ಮನ್ನ ಬಿಟ್ಟು ಇನ್ನೊಬ್ಬರನ್ನ ತೋರಸ್ರಿ. ತೋರಸಿದ್ರ ಆ ಪುಟ ನಾ ಮುಟ್ಟಂಗಿಲ್ಲ."

ಒಬ್ಬರು ಸಾಕಿತ್ತು. ಟೂಲ್‌ಗಳಲ್ಲಿ ಆ ಒಬ್ಬರು ಸಿಗುವಂತಿರಲಿಲ್ಲ. ಅವಳು ಚಹಾ ಇಡಲು ಒಳಗೆ ಹೋದಾಗ, ನನ್ನ ಹುಡುಕಾಟಗಳಾದರೂ ಎಲ್ಲಿಯಾದರೂ ಉಳಿದಿವೆಯೇ ಎಂಬ ಆಸೆಯಿಂದ ಮೊಬೈಲಿನ ಇತಿಹಾಸವನ್ನು ತೆರೆದೆ. ಉಳಿದಿದ್ದವು. ಸಂಜೆಯ ಮೇಲೆ ಸಂಜೆ, ಅವೇ ಪದಗಳು. ಹಳೆಯ ಅಭ್ಯಾಸದಂತೆ ದಿನಾಂಕಗಳನ್ನು ತಾಳೆ ನೋಡುತ್ತ ಹಿಂದೆ ಸರಿದೆ.

ಆ ಬಸ್ಸನ್ನು ಹುಡುಕುತ್ತಿದ್ದವನು ನಾನೊಬ್ಬನೇ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಸೋಮವಾರ, ೩೦ ಡಿಸೆಂಬರ್ ೨೦೨೪ರ ಸಂಜೆ, ನಾನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕಲಬುರಗಿಯಲ್ಲಿ ಮಲಗಿದ್ದಾಗ, ಮಗಳ ಕೈಯಲ್ಲಿದ್ದ ಈ ಮೊಬೈಲಿನಲ್ಲಿ ಖಜೂರಿಯಿಂದ ಆಳಂದಕ್ಕೆ ಬರುವ ಬಸ್ಸಿನ ಹುಡುಕಾಟವೊಂದು ದಾಖಲಾಗಿದೆ.