ಜೋಳದ ಕೇಕಿಗೆ ಎಂಟು ಮೇಣದಬತ್ತಿ

‘ಗೋಧಿ ಹಾಕಂಗೇ ಇಲ್ರಿ ಅಕ್ಕಾರ. ನಮ್ಮ ಕೇಕಿಗೆ ಬರೇ ಮೈದಾ!’

ಸಿಂದಗಿಯ ಬೇಕರಿಯವರು ಎದೆ ತಟ್ಟಿಕೊಂಡು ಹೀಗೆ ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ಅಲ್ರೀ, ಮೈದಾ ಎಲ್ಲಿಂದ ಬರ್ತೈತಿ?’ ಅಂತ ಕೇಳಿದೆ. ಅವರು ಕ್ಷಣಕಾಲ ಯೋಚಿಸಿ, ‘ವಿಜಾಪುರದಿಂದ ಬರ್ತೈತ್ರಿ’ ಅಂದರು.

ತಪ್ಪೇನಿಲ್ಲ ಬಿಡಿ. ನಾನು ಕೇಳಿದ್ದೇ ಸರಿಯಿರಲಿಲ್ಲ.

ನನ್ನ ಮಗಳು ನಂದಿನಿಗೆ ಗೋಧಿ ಆಗುವುದಿಲ್ಲ. ಹೋದ ವರ್ಷ ಮಗು ದಿನೇ ದಿನೇ ಕಡ್ಡಿಯಾಗುತ್ತ ಹೋದಾಗ ವಿಜಾಪುರದ ಡಾಕ್ಟರ್ ಏನೇನೋ ಟೆಸ್ಟ್ ಮಾಡಿಸಿ, ‘ಗೋಧಿಯಲ್ಲಿ ಗ್ಲುಟೆನ್ ಅಂತ ಇರುತ್ತದೆ, ಅದು ಇವಳಿಗೆ ಕೂಡದು’ ಅಂದರು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಖಡಕ್ಕಾಗಿ ಉತ್ತರಿಸಿದರು: ‘ಗುಲ್ಟಾನ? ಅಂಥಾದ್ದು ನಮ್ಮ ಮನ್ಯಾಗ ಎಂದೂ ತಂದೇ ಇಲ್ಲ!’

ಜೋಳದ ರೊಟ್ಟಿ ತಿನ್ನುವ ಸೀಮೆಯಲ್ಲಿ ಇದೇನು ಮಹಾ ಕಷ್ಟ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಚಪಾತಿ ಗೋಧಿ, ರವೆ ಗೋಧಿ, ಶಾವಿಗೆ ಗೋಧಿ, ಬಿಸ್ಕಿಟ್ ಗೋಧಿ, ಹೋಳಿಗೆಯ ಮೇಲಂಗಿಯೂ ಗೋಧಿ. ಕಡೆಗೆ ಇಂಗಿನ ಡಬ್ಬಿ ತಿರುಗಿಸಿದರೆ ಅದರ ಮೇಲೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು!

ಗಾಬರಿಯಾಗಿ ಎಸ್‌ಟಿಡಿ ಬೂತಿಗೆ ಓಡಿ ಡಾಕ್ಟರಿಗೆ ಫೋನ್ ಹಚ್ಚಿದೆ. ಲೈನು ಸರಿ ಇರಲಿಲ್ಲ. ‘ಡಾಕ್ಟ್ರೇ, ಇಂಗು ತಿನ್ನಬಹುದಾ? ಇಂಗು! ಒಗ್ಗರಣೆ ಇಂಗು!’ ಅಂತ ಕೂಗಿದೆ. ಹಿಂದೆ ಪಾಳಿಗೆ ನಿಂತಿದ್ದ ಹಿರಿಯರೊಬ್ಬರು ಮೆಲ್ಲಗೆ ಬಾಗಿಲು ತಟ್ಟಿ, ‘ತಂಗೀ, ಹೊಟ್ಟಿ ಉಬ್ಬರಕ್ಕ ಇಂಗು ಭಾಳ ಛಲೋ. ಫೋನ್ ಇಡು’ ಅಂದರು.

ಇನ್ನು ಹಿಟ್ಟಿನ ಗಿರಣಿ. ಅಲ್ಲಿ ಗೋಧಿ ಬೀಸಿದ ಮೇಲೆ ನಮ್ಮ ಜೋಳ ಹಾಕಿದರೆ ಒಳಗೆ ಉಳಿದ ಗೋಧಿ ಹಿಟ್ಟೂ ಜೊತೆಗೇ ಬರುತ್ತದೆ. ಹಾಗಾಗಿ ಗಿರಣಿಯ ಹಿಟ್ಟನ್ನೆಲ್ಲ ಝಾಡಿಸಿ ತೆಗೆದ ಮೇಲೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ನನ್ನ ಜೋಳವೇ ಬೀಳಬೇಕು. ಒಂದು ದಿನ ಪಾಳಿಯಲ್ಲಿದ್ದ ಹೆಣ್ಣುಮಗಳೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿಯೇ ಬಿಟ್ಟಳು: ‘ಏನ್ರಿ ಅಕ್ಕಾರ, ನಿಮ್ಮ ಜ್ವಾಳಕ್ಕ ಮಡಿ ಐತೇನ್ರಿ?’

ಇದೆಲ್ಲ ನಗುವ ಮಾತಾಯಿತು. ನಗಲಾರದ್ದೂ ಒಂದಿದೆ. ನೆಂಟರ ಮನೆಗೆ ಹೋದರೆ ಯಾರಾದರೂ, ‘ಒಂದ್ ತುಣುಕ ತಿಂದ್ರ ಏನ್ ಸಾಯ್ತಾಳೇನ?’ ಅನ್ನುತ್ತ ಬಿಸ್ಕಿಟನ್ನು ಅವಳ ಕೈಗೆ ತುರುಕುತ್ತಾರೆ. ಪ್ರೀತಿಯಿಂದಲೇ! ಆಮೇಲೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವ ಮಗುವಿನ ಪಕ್ಕ ಅವರಿರುವುದಿಲ್ಲ. ಈಗೀಗ ನಂದಿನಿ ತಾನೇ ‘ಬ್ಯಾಡ್ರಿ’ ಅನ್ನಲು ಕಲಿತಿದ್ದಾಳೆ. ಗೆಳತಿಯರ ಬರ್ತ್‌ಡೇಗೆ ಹೋದರೆ ಎಲ್ಲರೂ ಕೇಕ್ ತಿನ್ನುವಾಗ ಮೂಲೆಯಲ್ಲಿ ಕೂತು ತನ್ನ ಡಬ್ಬಿಯ ಚುರುಮುರಿ ತಿನ್ನುತ್ತಾಳೆ. ಹಟ ಮಾಡುವುದಿಲ್ಲ. ಹಟ ಮಾಡಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ ಒಮ್ಮೊಮ್ಮೆ.

ಅಂಥವಳು ಮೊನ್ನೆ ಬಾಯಿಬಿಟ್ಟು ಕೇಳಿದಳು. ‘ಮಮ್ಮಿ, ನನ್ನ ಬರ್ತ್‌ಡೇಕ್ಕ ಎಲ್ಲಾರೂ ತಿನ್ನೋ ಕೇಕ್ ನಾನೂ ತಿನ್ಬೇಕು.’

ಬೇಕರಿಯಲ್ಲಂತೂ ಆಗಲಿಲ್ಲ. ನಾನೇ ಸೀರೆ ಸೆರಗು ಸಿಕ್ಕಿಸಿ ನಿಂತೆ. ನಮ್ಮನೆಯಲ್ಲಿ ಓವನ್ ಇಲ್ಲ, ಕುಕ್ಕರ್ ಇದೆ. ಅದರ ತಳಕ್ಕೆ ಮರಳು ಹರವಿ, ರಬ್ಬರ್ ಮತ್ತು ಸೀಟಿ ತೆಗೆದು, ಒಳಗೆ ಪಾತ್ರೆಯಿಟ್ಟು ಬೇಯಿಸಬೇಕು. ತತ್ತಿ ನಮ್ಮನೆಗೆ ಬರುವುದಿಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಬಾಳೆಹಣ್ಣು, ಮೊಸರು, ಸಕ್ಕರೆ, ಬೆಣ್ಣೆ ಹಾಕಿ ಕಲಸಿದೆ. ಮೇಲೆ ಸೋಡಾ ಉದುರಿಸಿ ಪಕ್ಕದ ಇಂಡಿ ತಾಲೂಕಿನ ನಿಂಬೆಹಣ್ಣು ಹಿಂಡಿದೆ. ಬುಸ್ಸೆಂದು ನೊರೆ ಎದ್ದಿತು. ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್ ಬಂದವಳಂತೆ ಹಿಗ್ಗಿದೆ.

ಮಣೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ ಅತ್ತೆ ಒಂದೇ ಮಾತು ಹೇಳಿದರು. ‘ಕುಕ್ಕರನ್ಯಾಗ ಉಸುಕು ಹಾಕೋ ಸೊಸೀನ ಇದ ಮೊದಲ ನೋಡಾಕತ್ತೇನಿ.’

ಕೇಕು ನೋಡಲು ಚೆಂದ ಬಂತು. ಕಂದು ಬಣ್ಣ, ದುಂಡನೆಯ ಆಕಾರ. ಸಂಜೆ ನಂದಿನಿಯ ಕ್ಲಾಸಿನ ಹುಡುಗಿಯರೆಲ್ಲ ಬಂದರು. ಮೇಣದಬತ್ತಿ ಚುಚ್ಚಲು ಹೋದರೆ ಇಳಿಯಲೇ ಇಲ್ಲ. ನಮ್ಮ ಯಜಮಾನರು ಗೋಣಿಚೀಲ ಹೊಲಿಯುವ ದಬ್ಬಣ ತಂದು (ತೊಳೆದೇ ತಂದರು, ಹೆದರಬೇಡಿ) ಎಂಟು ತೂತು ಕೊರೆದರು. ಬತ್ತಿ ಹಚ್ಚಿದ್ದಾಯಿತು, ಊದಿದ್ದಾಯಿತು, ಚಪ್ಪಾಳೆ ಆಯಿತು.

ನಂದಿನಿ ಚಾಕು ಹಚ್ಚಿದಳು. ಕೇಕು ಜಗ್ಗಲಿಲ್ಲ. ಇನ್ನಷ್ಟು ಒತ್ತಿದಳು. ತಟ್ಟೆಯೇ ಟೇಬಲ್ಲಿನ ಮೇಲೆ ಗಿರ್ರನೆ ತಿರುಗಿತು. ಯಜಮಾನರು ಅವಳ ಕೈಮೇಲೆ ಕೈಯಿಟ್ಟು ಒಂದು ಏಟು ಕೊಟ್ಟರು ನೋಡಿ, ಮೇಲಿನ ಪದರ ಠಪ್ಪೆಂದು ಒಡೆದು ಇಡೀ ಕೇಕು ಹಳೇ ಗೋಡೆಯ ಹಾಗೆ ಕುಸಿದುಬಿತ್ತು. ತಟ್ಟೆಯ ತುಂಬ ಬರೀ ಪುಡಿ. ಅದರ ನಡುವೆ ಅಡ್ಡಡ್ಡ ಬಿದ್ದ ಎಂಟು ಮೇಣದಬತ್ತಿ.

‘ಅಯ್ಯ, ಕೇಕ್ ಬಿದ್ದೋತಲ್ಲೇ!’ ಅಂದಳು ಒಬ್ಬ ಹುಡುಗಿ.

ನಂದಿನಿ ಚಾಕು ಕೆಳಗಿಟ್ಟು ಹಿಂದೆ ಸರಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟೆಲ್ಲ ಮಾಡಿ ಮಗುವಿಗೆ ಮತ್ತದೇ ಮೂಲೆ, ಅದೇ ಚುರುಮುರಿಯೇ?

‘ಯಾರೂ ಮುಟ್ಟಬ್ಯಾಡ್ರಿ!’

ಅತ್ತೆ! ಸೆರಗು ಸರಿಮಾಡಿಕೊಂಡು ಬಂದು ಬತ್ತಿಗಳನ್ನು ಹೆಕ್ಕಿ ತೆಗೆದು, ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ತಟ್ಟೆಯ ಸಮೇತ ಅಡುಗೆಮನೆಗೆ ನಡೆದರು. ನಾನು ಹಿಂದೆ ಓಡಿದೆ.

‘ಅತ್ಯಾ, ಏನ್ ಮಾಡ್ತೀರಿ?’

‘ಏನ್ ಮಾಡ್ತೇನಿ? ನೀ ಕೇಕ್ ಅಂತ ಮಾಡೀದಿ, ಇದು ಮಾದಲಿ ಆಗ್ಬೇಕಂತ ಕುಂತೈತಿ. ಬೆಲ್ಲ ತಾ, ಕೊಬ್ಬರಿ ತಾ, ಯಾಲಕ್ಕಿ ಕುಟ್ಟು!’

ಮಾದಲಿ ಗೊತ್ತಲ್ಲ? ದಪ್ಪ ರೊಟ್ಟಿ ಸುಟ್ಟು, ಕುಟ್ಟಿ ಪುಡಿಮಾಡಿ, ಬೆಲ್ಲ ಬೆರೆಸಿ, ಹಾಲು ತುಪ್ಪ ಹಾಕಿಕೊಂಡು ತಿನ್ನುವ ನಮ್ಮ ಕಡೆಯ ಸಿಹಿ. ಆದರೆ ಅದನ್ನು ಮಾಡುವುದು ಗೋಧಿಯಲ್ಲಿ. ಹಾಗಾಗಿ ವರ್ಷದಿಂದ ನಂದಿನಿಗೆ ಅದೂ ಇಲ್ಲವಾಗಿತ್ತು.

ಅತ್ತೆ ಪರಾತದ ತುಂಬ ಗುಡ್ಡೆ ಹಾಕಿ ತಂದು ನಡುಮನೆಯಲ್ಲಿಟ್ಟರು. ಏಲಕ್ಕಿ, ತುಪ್ಪದ ಘಮ. ಬತ್ತಿಗಳು ಈ ಸಲ ತಾವಾಗಿಯೇ ಇಳಿದವು. ಎರಡನೇ ಸಲ ಹಚ್ಚಿದೆವು, ಎರಡನೇ ಸಲ ಊದಿದೆವು.

‘ಕೇಕ್ ಎಲ್ಲೈತಿ?’ ಅಂದಳು ಅದೇ ಹುಡುಗಿ.

ನಂದಿನಿ ಅಜ್ಜಿಯ ಮುಖ ನೋಡಿದಳು, ಗುಡ್ಡೆಯ ಕಡೆ ನೋಡಿದಳು. ಕಣ್ಣೊರೆಸಿಕೊಂಡು ಗತ್ತಿನಿಂದ ಹೇಳಿದಳು: ‘ಇದ ಕೇಕ್. ಇದು ಅಂಗಡ್ಯಾಗ ಸಿಗಂಗಿಲ್ಲ, ಬರೇ ನಮ್ಮ ಆಯಿಗೆ ಬರ್ತೈತಿ.’

(ಆಯಿ ಅಂದರೆ ಅಜ್ಜಿ. ನನ್ನ ಹೆಸರು ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿದಿರಾ?)

ಆಮೇಲೆ ಕೇಳಬೇಡಿ. ಹುಡುಗಿಯರೆಲ್ಲ ಪರಾತದ ಸುತ್ತ ಮೊಣಕಾಲೂರಿ ಕೂತು, ಹಾಲು ಸುರಿದುಕೊಂಡು, ತುಪ್ಪಕ್ಕೆ ಜಗಳವಾಡಿ ತಿಂದರು. ಮಧ್ಯದಲ್ಲಿ ನಂದಿನಿ, ಮೂಗಿಗೆಲ್ಲ ಬೆಲ್ಲ ಮೆತ್ತಿಕೊಂಡು. ಅವಳ ಚುರುಮುರಿ ಡಬ್ಬಿ ಎಲ್ಲಿತ್ತೋ ಯಾರಿಗೂ ನೆನಪಾಗಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಯಜಮಾನರು ನೋಡಿ, ‘ಕೇಕ್ ಕೆಟ್ಟದ್ದಕ್ಕ ಅಳಾಕತ್ತೀ ಏನ?’ ಅಂದರು. ಗಂಡಸರ ಜಾಣತನ ಇಷ್ಟೇ.

ಮರುದಿನ ಮಗುವಿಗೆ ಹೊಟ್ಟೆನೋವು ಬರಲಿಲ್ಲ. ಬಂದದ್ದು ಆ ಹುಡುಗಿಯರ ತಾಯಂದಿರು. ‘ಅಕ್ಕಾರ, ಆ ಪುಡಿ ಕೇಕ್ ಹೆಂಗ್ ಮಾಡೀರಿ? ನಮ್ಮಾಕಿ ತನ್ನ ಬರ್ತ್‌ಡೇಕ್ಕೂ ಅದ ಬೇಕು, ನಂದಿನೀನ ಮೊದಲ ಕರೀಬೇಕು ಅಂತ ಕುಂತಾಳ.’ ಏನಂತ ಹೇಳಲಿ? ಮೊದಲು ಕೇಕನ್ನು ಸರಿಯಾಗಿ ಕೆಡಿಸಬೇಕು, ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ ಅಂದೆ.

ನಾಲ್ಕು ಜನ ತಿನ್ನುವುದನ್ನು ಮಗುವೂ ತಿನ್ನಲಿ ಅಂತ ವರ್ಷವಿಡೀ ಒದ್ದಾಡಿದೆನಲ್ಲ, ಮಗು ತಿನ್ನುವುದನ್ನೇ ಆ ನಾಲ್ಕು ಜನ ತಿಂದರೆ ಯಾರ ಗಂಟು ಹೋಗುತ್ತದೆ ಹೇಳಿ?